ಹದಿನೇಳನೆಯ ಅಭ್ಯಾಸದ ಕೊನೆಯ ನಾಲ್ಕು ಸಾಲು

ನಾನು ತಪ್ಪುಗಳ ಪುಸ್ತಕ. ಅಕಸ್ಮಾತ್ತಾಗಿ ಆದ ತಪ್ಪುಗಳಲ್ಲ. ಬೇಕೆಂದೇ ಒಂದೊಂದನ್ನೂ ಆರಿಸಿ, ಸಾಲು ನೋಡಿ ಕೂರಿಸಿ ನನ್ನನ್ನು ಅಚ್ಚು ಹಾಕಿದರು. ಚೀನಾದ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ಓದುವವರು ಕೊನೆಯ ವರ್ಷ ಒಂದು ದೊಡ್ಡ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಒಂದು ಬರಹ ಕೊಟ್ಟು, ಅದರ ಹತ್ತು ಸಾಲುಗಳಲ್ಲಿ ಅಡಗಿರುವ ಹತ್ತು ತಪ್ಪುಗಳನ್ನು ತಿದ್ದಲು ಹೇಳುತ್ತಾರೆ. ಜೊತೆಗೆ ಒಂದು ಉದ್ದನೆಯ ಪ್ರಬಂಧ. ಇವೆರಡರ ಅಭ್ಯಾಸಕ್ಕಾಗಿ ಹುಟ್ಟಿದವನು ನಾನು. ಮೂವತ್ತು ಅಭ್ಯಾಸ, ಮುನ್ನೂರು ತಪ್ಪು, ಮೂವತ್ತು ಪ್ರಬಂಧದ ವಿಷಯ, ಹಿಂಬದಿಯಲ್ಲಿ ಕೀ ಉತ್ತರಗಳು.

ಹುಟ್ಟಿದ್ದು ಯಾಂಗ್‌ಟ್ಸಿ ನದಿಯ ದಡದ ಯಿಚಾಂಗ್ ನಗರದಲ್ಲಿ. ನನ್ನನ್ನು ಬರೆದವರು ಅಲ್ಲಿಯ ವಿಶ್ವವಿದ್ಯಾಲಯವೊಂದರ ಮೆಂಗ್ ಮೇಷ್ಟ್ರು. ನನ್ನ ಹಳದಿ ಹೊದಿಕೆಯ ಮೇಲೆ ಅವರ ಹೆಸರು ನನ್ನ ಹೆಸರಿಗಿಂತ ಚಿಕ್ಕದಾಗಿತ್ತು, ಆದರೆ ಆ ಊರಿನಲ್ಲಿ ಅವರ ಹೆಸರಿಗಿದ್ದ ಭಯ ನನಗಿರಲಿಲ್ಲ. ಅಚ್ಚಿನ ಯಂತ್ರದಿಂದ ಬಿಸಿಬಿಸಿಯಾಗಿ ಇಳಿದಾಗ ನಾನು ಬಹಳ ಜಂಬದಲ್ಲಿದ್ದೆ. ಮುನ್ನೂರು ತಪ್ಪಿಗೆ ಮುನ್ನೂರು ಉತ್ತರ ನನ್ನ ಬೆನ್ನಿನಲ್ಲೇ ಇವೆ, ನನ್ನನ್ನು ಯಾರು ಏನು ಕೇಳಿಯಾರು ಅಂದುಕೊಂಡಿದ್ದೆ.

ನನ್ನ ಮೊದಲ ಒಡೆಯ ಗ್ವಾನ್ ಪೇಲಿನ್ ಎಂಬ ಹುಡುಗ. ದಕ್ಷಿಣದ ಗೇಟಿನ ಎದುರಿನ ಪುಸ್ತಕದಂಗಡಿಯಲ್ಲಿ ನನ್ನನ್ನು ಕೊಂಡು, ಮೊದಲ ಪುಟದಲ್ಲಿ ಹೆಸರು ಬರೆದು, ಕೆಂಪು ಮೊಹರು ಒತ್ತಿ, ಮೂರು ಅಭ್ಯಾಸ ಮಾಡಿದ. ನಾಲ್ಕನೆಯದರ ಹೊತ್ತಿಗೆ ಅವನ ಉತ್ಸಾಹ ಇಳಿದುಹೋಯಿತು. ಆಮೇಲೆ ನನಗೊಂದು ಬೇರೆ ಕೆಲಸ ಸಿಕ್ಕಿತು. ಅಲ್ಲಿಯ ಗ್ರಂಥಾಲಯದಲ್ಲಿ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹುಡುಗರು ಓಡಿ ಬಂದು ಮೇಜಿನ ಮೇಲೆ ಪುಸ್ತಕ ಇಟ್ಟು ಜಾಗ ಹಿಡಿಯುತ್ತಾರೆ. ಇಟ್ಟವರು ಬರಲಿ ಬಿಡಲಿ, ಪುಸ್ತಕ ಇದ್ದರೆ ಆ ಕುರ್ಚಿಯಲ್ಲಿ ಬೇರೆಯವರು ಕೂರುವುದಿಲ್ಲ. ಪೇಲಿನ್ ನನ್ನನ್ನು ಕಿಟಕಿಯ ಪಕ್ಕ ಇಟ್ಟು ಬಾಸ್ಕೆಟ್‌ಬಾಲ್ ಆಡಲು ಹೋಗುತ್ತಿದ್ದ. ಒಂದು ವರ್ಷ ನಾನು ಓದಿಸಲಿಲ್ಲ, ಕುರ್ಚಿ ಕಾದೆ. ಪರೀಕ್ಷೆಯಲ್ಲಿ ಅವನು ಅದು ಹೇಗೋ ಪಾಸಾದ. ನನ್ನ ಪಾತ್ರ ಅದರಲ್ಲಿ ಏನೂ ಇಲ್ಲವೆಂದು ನಾನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಜೂನ್ ತಿಂಗಳಲ್ಲಿ ಓದು ಮುಗಿಸಿದವರೆಲ್ಲ ಕ್ಯಾಂಪಸ್ಸಿನ ರಸ್ತೆಯ ಮರಗಳ ಕೆಳಗೆ ಚಾಪೆ ಹಾಸಿ ಹಳೆಯ ಸಾಮಾನು ಮಾರುತ್ತಾರೆ. ಅಲ್ಲಿ ಫ್ಲಾಸ್ಕು, ಸೊಳ್ಳೆಪರದೆಗಳ ನಡುವೆ ಬಿದ್ದಿದ್ದ ನನ್ನನ್ನು ತಾವೊ ಮಿನ್‌ಹ್ವೇ ಎತ್ತಿಕೊಂಡಳು. ಮೂರನೆಯ ವರ್ಷ ಮುಗಿಸಿ ನಾಲ್ಕಕ್ಕೆ ಕಾಲಿಡುತ್ತಿದ್ದವಳು, ತರಗತಿಗೇ ಮೊದಲಿಗಳು. ಪೇಲಿನ್ ಮಾಡಿದ್ದ ಮೂರು ಅಭ್ಯಾಸಗಳನ್ನು ಅಳಿಸಿ ತಾನೇ ಮಾಡಿದಳು. ದಿನಕ್ಕೊಂದು ಅಭ್ಯಾಸ, ಪಕ್ಕದಲ್ಲಿ ಒಂದು ತಟ್ಟೆ ಎಳ್ಳಿನ ಗೊಜ್ಜು ಕಲಸಿದ ನೂಡಲ್ಸ್. ನನ್ನ ಒಂಬತ್ತನೆಯ ಪುಟದಲ್ಲಿ ಇಂದಿಗೂ ಆ ಎಣ್ಣೆಯ ಕಲೆ ಇದೆ. ಕೊನೆಗೂ ಓದುವವರ ಕೈ ಸೇರಿದೆನಲ್ಲ ಎಂದು ನಾನು ಹಿಗ್ಗಿದೆ.

ಆದರೆ ಹದಿನೇಳನೆಯ ಅಭ್ಯಾಸದ ದಿನ ನನ್ನ ಜಂಬ ಇಳಿಯಿತು. ಮಿನ್‌ಹ್ವೇ ಪೆನ್ಸಿಲಿನಲ್ಲಿ ಹತ್ತೂ ಸಾಲು ತಿದ್ದಿದಳು. ಹಿಂದೆ ತಿರುಗಿಸಿ ಕೀ ಉತ್ತರ ನೋಡಿದಳು. ಮೊದಲ ಆರು ಸರಿಯಾಗಿ ಕೂತವು. ಕೊನೆಯ ನಾಲ್ಕು ಕೂರಲಿಲ್ಲ. ಅವಳು ತಿದ್ದಿದ್ದ ಜಾಗ ಬೇರೆ, ಕೀ ತೋರಿಸಿದ ಜಾಗ ಬೇರೆ. ಅವಳು ಬರೆದದ್ದೇ ಸರಿ ಎಂದು ನನಗೆ ಗೊತ್ತಿತ್ತು. ಏನಾಗಿತ್ತೆಂದರೆ, ಮೆಂಗ್ ಮೇಷ್ಟ್ರು ಅಚ್ಚಿಗೆ ಕೊಡುವ ಮುನ್ನ ಆ ನಾಲ್ಕು ಸಾಲು ಬದಲಿಸಿ, ಹಿಂಬದಿಯ ಉತ್ತರ ಬದಲಿಸಲು ಮರೆತಿದ್ದರು. ಮುನ್ನೂರು ತಪ್ಪುಗಳನ್ನು ಬೇಕೆಂದು ಮಾಡಿದ ನನ್ನಲ್ಲಿ ಬೇಡದೆ ಉಳಿದವು ಆ ನಾಲ್ಕು. ಎಷ್ಟೋ ಸಲ ಮರುಮುದ್ರಣವಾದರೂ ಅವು ಹಾಗೇ ಇದ್ದವು.

ಮಿನ್‌ಹ್ವೇ ರಬ್ಬರ್ ತೆಗೆದುಕೊಂಡು ತನ್ನ ನಾಲ್ಕೂ ಉತ್ತರ ಅಳಿಸಿ, ಕೀಯಲ್ಲಿದ್ದದ್ದನ್ನು ನೀಟಾಗಿ ನಕಲು ಮಾಡಿದಳು. ಅಷ್ಟಕ್ಕೇ ಬಿಡಲಿಲ್ಲ. ಅದು ಯಾಕೆ ಸರಿ ಎಂದು ಪ್ರತಿಯೊಂದರ ಕೆಳಗೂ ಚಿಕ್ಕ ಅಕ್ಷರದಲ್ಲಿ ಕಾರಣ ಬರೆದಳು. ಅಲ್ಲಿಯ ಮಕ್ಕಳು ಒಂದನೇ ತರಗತಿಯಿಂದ ಕಲಿತು ಬಂದ ರೀತಿ ಅದು. ಅಚ್ಚಾದ ಉತ್ತರ ಎಂದರೆ ಉತ್ತರ. ನಿನ್ನದು ಬೇರೆಯಾದರೆ ನಿನ್ನದು ತಪ್ಪು, ಕಾರಣ ಹುಡುಕಿ ಮನಸ್ಸಿಗೆ ಒಪ್ಪಿಸಿಕೋ. ಬುದ್ಧಿವಂತೆಯಾದ್ದರಿಂದ ಅವಳಿಗೆ ಸುಳ್ಳಿಗೂ ಒಳ್ಳೊಳ್ಳೆಯ ಕಾರಣ ಸಿಕ್ಕವು. ನನಗೆ ನಾಚಿಕೆಯಾಯಿತು. ಬಾಯಿದ್ದಿದ್ದರೆ ಅಂದೇ ಹೇಳಿಬಿಡುತ್ತಿದ್ದೆ.

ಮಿನ್‌ಹ್ವೇ ಒಳ್ಳೆಯ ಅಂಕ ತೆಗೆದು ಪಾಸಾದಳು. ಅವಳೂ ಜೂನಿನಲ್ಲಿ ಚಾಪೆ ಹಾಸಿದಳು. ಸಹಪಾಠಿಯೊಬ್ಬಳು ಬಂದು ಮೇಜಿನ ದೀಪವೊಂದನ್ನು ಕೊಂಡಳು. "ಇದನ್ನೂ ತಗೊಳ್ಳೇ, ನನಗಿನ್ನೇನಕ್ಕೆ" ಎಂದು ಮಿನ್‌ಹ್ವೇ ನನ್ನನ್ನು ದೀಪದ ಜೊತೆ ಸೇರಿಸಿಕೊಟ್ಟಳು. ದೀಪಕ್ಕೆ ನಾನು ಕೊಸರು.

ಕೊಸರು ಪಡೆದವಳು ಶ್ಯಾಂಗ್ ಯಾನ್‌ಲಿ. ನದಿಯ ಮೇಲ್ಭಾಗದ ಬಾದೊಂಗ್ ಕಡೆಯವಳು, ಅಪ್ಪ ದೋಣಿಗಳಿಗೆ ಡೀಸೆಲ್ ತುಂಬುವ ಕೆಲಸದವನು. ಎಲ್ಲರೂ ಊರಿಗೆ ಹೊರಟಿದ್ದಾಗ ಅವಳು ಮಾತ್ರ ದೀಪ ಕೊಳ್ಳುತ್ತಿದ್ದಳು, ಏಕೆಂದರೆ ಅವಳು ಆ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಅರವತ್ತು ಬೇಕಿತ್ತು, ಐವತ್ತೇಳು ಬಂದಿತ್ತು. ಫೇಲಾದವರಿಗೆ ಮುಂದಿನ ವರ್ಷ ಇನ್ನೊಂದೇ ಒಂದು ಅವಕಾಶ. ಅದೂ ತಪ್ಪಿದರೆ ಜೀವನದಲ್ಲಿ ಮತ್ತೆ ಕೂರುವಂತಿಲ್ಲ. ಅವಳ ಊರಿನ ಶಾಲೆಯೊಂದು ಅವಳಿಗಾಗಿ ಮೇಷ್ಟರ ಕೆಲಸ ಒಂದು ವರ್ಷ ಖಾಲಿ ಇಡಲು ಒಪ್ಪಿತ್ತು, ಆದರೆ ಪರೀಕ್ಷೆ ಪಾಸಾದ ಪ್ರಮಾಣಪತ್ರ ತರಲೇಬೇಕು. ಹೀಗಾಗಿ ಅವಳು ಗೇಟಿನ ಪಕ್ಕದ ಗೊಂಗ್ ಚಿಕ್ಕಮ್ಮನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಬುಧವಾರಗಳಂದು ಮೆಂಗ್ ಮೇಷ್ಟ್ರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು.

ಅವಳು ದಡ್ಡಿಯಲ್ಲ. ಅವಳ ಕಾಯಿಲೆ ಬೇರೆ. ಮೊದಲು ಸರಿಯಾಗಿ ಬರೆಯುತ್ತಿದ್ದಳು, ಆಮೇಲೆ ಅನುಮಾನ ಬಂದು ಹೊಡೆದು ಹಾಕುತ್ತಿದ್ದಳು.

"ಕೊನೇ ಹತ್ತು ನಿಮಿಷದಲ್ಲಿ ಐದು ಉತ್ತರ ಬದಲಾಯಿಸಿದೆ ಚಿಕ್ಕಮ್ಮ" ಎಂದು ಒಮ್ಮೆ ಹೇಳಿಕೊಂಡಳು. "ಐದೂ ಮೊದಲಿದ್ದದ್ದೇ ಸರಿ ಇತ್ತು."

"ನೀನು ಜೆರಾಕ್ಸ್ ತೆಗೆದ ಮೇಲೂ ಮೂರು ಸಲ ಮೂಲ ನೋಡ್ತೀಯಲ್ಲ, ಅದೇ ಚಾಳಿ" ಎಂದರು ಚಿಕ್ಕಮ್ಮ ಸ್ಟೇಪ್ಲರ್ ಒತ್ತುತ್ತ.

ಚಳಿಗಾಲ ಬಂತು. ಆ ಊರಿನಲ್ಲಿ ಚಳಿಗೆ ಕಟ್ಟಡಗಳನ್ನು ಬಿಸಿ ಮಾಡುವ ವ್ಯವಸ್ಥೆ ಇಲ್ಲ. ಬಿಸಿನೀರಿನ ಚೀಲ ಮಡಿಲಲ್ಲಿಟ್ಟುಕೊಂಡು ಓದಬೇಕು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಯಾನ್‌ಲಿ ಹದಿನೇಳನೆಯ ಅಭ್ಯಾಸ ತೆಗೆದಳು. ಮಿನ್‌ಹ್ವೇ ಬರೆದದ್ದು ಕಾಣದಂತೆ ಅಂಚಿಗೆ ಕಾಗದ ಮುಚ್ಚಿ, ಬೇರೆ ಹಾಳೆಯಲ್ಲಿ ಉತ್ತರ ಬರೆದಳು. ಕೀ ನೋಡಿದಳು. ಕೊನೆಯ ನಾಲ್ಕೂ ತಪ್ಪು. ಅವಳ ಮುಖ ಬಾಡಿತು. ಅಭ್ಯಾಸವಾಗಿಹೋದ ಕೈ ರಬ್ಬರಿನ ಕಡೆ ಹೋಯಿತು.

ಆಗ ಅವಳು ಮುಚ್ಚಿದ್ದ ಕಾಗದ ಸರಿಸಿದಳು. ಕಿಟಕಿಯ ಬಿಸಿಲು ನನ್ನ ಪುಟದ ಮೇಲೆ ಓರೆಯಾಗಿ ಬಿದ್ದಿತ್ತು. ಮಿನ್‌ಹ್ವೇ ಪೆನ್ಸಿಲ್ ಒತ್ತಿ ಬರೆಯುವವಳು. ಎಷ್ಟು ಅಳಿಸಿದರೂ ಮೊದಲ ಅಕ್ಷರಗಳ ಗೆರೆಗಳು ನನ್ನ ಮೈಮೇಲೆ ಉಳಿದಿದ್ದವು. ಯಾನ್‌ಲಿ ನನ್ನನ್ನು ಎತ್ತಿ, ಆಚೆ ಈಚೆ ವಾಲಿಸಿ ನೋಡಿದಳು. ಒಂದೊಂದೇ ಅಕ್ಷರ ಓದಿದಳು. ನಾಲ್ಕಕ್ಕೆ ನಾಲ್ಕೂ ಅವಳು ಈಗ ತಾನೇ ಬರೆದ ಉತ್ತರಗಳೇ.

ಅವಳು ಆಗಲೇ ಮಿನ್‌ಹ್ವೇಗೆ ಫೋನ್ ಮಾಡಿದಳು.

"ಹದಿನೇಳನೇದರಲ್ಲಿ ನೀನು ಮೊದಲು ಬೇರೆ ಬರೆದಿದ್ದೆ ಅಲ್ವಾ?"

"ಬರೆದಿದ್ದೆ ಕಣೆ. ಕೀಯಲ್ಲಿ ಬೇರೆ ಇತ್ತು, ಅಳಿಸಿದೆ."

"ಯಾಕೆ ಅಳಿಸಿದೆ?"

"ಮೆಂಗ್ ಮೇಷ್ಟ್ರ ಪುಸ್ತಕ ತಪ್ಪಾಗಿರುತ್ತೇನೇ?" ಎಂದಳು ಮಿನ್‌ಹ್ವೇ.

ಯಾನ್‌ಲಿ ಎರಡು ದಿನ ನಿಘಂಟು, ವ್ಯಾಕರಣದ ಪುಸ್ತಕ ತಿರುವಿದಳು. ಎಲ್ಲವೂ ಅವಳ ಕಡೆಗೇ ಇದ್ದವು. ಆದರೆ ಗುರುವಿಗೆ ಎದುರು ನಿಂತು ನಿಮ್ಮ ಪುಸ್ತಕ ತಪ್ಪು ಎನ್ನುವುದು ಆ ನಾಡಿನಲ್ಲಿ ಸಣ್ಣ ವಿಷಯವಲ್ಲ. ನಾಲ್ಕು ಜನರ ಮುಂದೆ ಮೇಷ್ಟ್ರ ಮರ್ಯಾದೆ ಹೋದರೆ, ಅವರೇ ಹೊರಗೆ ಕಳಿಸಿದರೆ, ಹಿಂದಿನ ಬೆಂಚೂ ಇಲ್ಲ. ಆ ವಾರದ ಪ್ರಬಂಧದ ವಿಷಯ 'ಓದುಗನ ಜವಾಬ್ದಾರಿ'. ಉಳಿದವರು ಎಂದಿನಂತೆ ಬಾಯಿಪಾಠದ ಮೊದಲ ಪ್ಯಾರಾ, ಬಾಯಿಪಾಠದ ಕೊನೆಯ ಪ್ಯಾರಾ ಇಟ್ಟು ನಡುವೆ ಒಂದಿಷ್ಟು ತುಂಬಿಸಿದರು. ಯಾನ್‌ಲಿ ಹದಿನೇಳನೆಯ ಅಭ್ಯಾಸದ ಕಥೆಯನ್ನೇ ಬರೆದಳು. ತಾನು ಹೇಗೆ ರಬ್ಬರ್ ಹುಡುಕಿದೆ, ಕೀ ಎಲ್ಲಿ ತಪ್ಪಿದೆ, ಯಾಕೆ ತಪ್ಪು ಎಂದು ಸಾಲು ಸಾಲಾಗಿ ಬರೆದು ಕೊಟ್ಟುಬಿಟ್ಟಳು.

ಮುಂದಿನ ಬುಧವಾರ ಮೆಂಗ್ ಮೇಷ್ಟ್ರು ಎಲ್ಲರ ಪ್ರಬಂಧ ಹಿಂತಿರುಗಿಸಿದರು, ಅವಳದನ್ನು ಬಿಟ್ಟು. ತರಗತಿ ಮುಗಿದ ಮೇಲೆ ಅವಳ ಬೆಂಚಿನ ಹತ್ತಿರ ಬಂದು ಕೈ ಚಾಚಿದರು. "ಆ ಪುಸ್ತಕ ಕೊಡು" ಎಂದರು. ಯಾನ್‌ಲಿಯ ಮುಖ ಬಿಳಿಚಿಕೊಂಡದ್ದನ್ನು ನೋಡುತ್ತಲೇ ನಾನು ಅವರ ಚೀಲದೊಳಗೆ ಹೋದೆ.

ಹೀಗೆ ನಾನು ನನ್ನನ್ನು ಹುಟ್ಟಿಸಿದವರ ಮನೆ ಕಂಡೆ. ಮೇಷ್ಟ್ರು ಅಟ್ಟದಿಂದ ಹಳೆಯ ಹಸ್ತಪ್ರತಿಯ ಕಟ್ಟು ಇಳಿಸಿ, ಧೂಳು ಒರೆಸಿ, ನನ್ನ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿದರು. ಅಳಿಸಿದ ಗೆರೆಗಳನ್ನು ಭೂತಗನ್ನಡಿ ಹಿಡಿದು ನೋಡಿದರು. ಮಿನ್‌ಹ್ವೇ ಬರೆದಿದ್ದ ಆ ಒಳ್ಳೊಳ್ಳೆಯ ಕಾರಣಗಳನ್ನೂ ಓದಿದರು. ಅವನ್ನು ಓದುವಾಗ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಊಟ ಆರ್ತಾ ಇದೆ" ಎಂದರು ಹೆಂಡತಿ.

"ಹನ್ನೊಂದು ವರ್ಷದಿಂದ ತಪ್ಪು ಅಚ್ಚಾಗ್ತಾ ಇದೆ. ಒಬ್ಬರಾದರೂ ಬಂದು ಹೇಳಲಿಲ್ಲವಲ್ಲ."

"ಹೇಳೋ ಹಾಗೆ ನೀವು ಮುಖ ಇಟ್ಕೊಂಡಿದ್ರಾ?"

ಮೇಷ್ಟ್ರು ಕೆಂಪು ಶಾಯಿಯ ಪೆನ್ನು ತೆಗೆದು, ಕೀ ಉತ್ತರದ ಪುಟದಲ್ಲಿ ನಾಲ್ಕು ಸಾಲಿಗೂ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಕೆಳಗೆ ಸಹಿ ಹಾಕಿದರು. ನನಗೆ ನೋವಾಗಲಿಲ್ಲ. ಎಷ್ಟೋ ವರ್ಷದ ಮುಳ್ಳು ತೆಗೆದಷ್ಟು ಹಾಯೆನಿಸಿತು.

ಮುಂದಿನ ಬುಧವಾರ ಅವರು ತರಗತಿಗೆ ಬಂದವರೇ, "ಎಲ್ಲರೂ ಹದಿನೇಳನೇ ಅಭ್ಯಾಸದ ಕೀ ತೆಗೀರಿ" ಎಂದರು. ನಲವತ್ತು ಹಳದಿ ಪುಸ್ತಕ ತೆರೆದ ಸದ್ದು ಕೇಳಿಸಿತು. "ಕೊನೇ ನಾಲ್ಕು ತಪ್ಪು. ತಪ್ಪು ನನ್ನದು. ಕಂಡುಹಿಡಿದವಳು ಹಿಂದಿನ ಬೆಂಚಿನ ಶ್ಯಾಂಗ್ ಯಾನ್‌ಲಿ." ಅವರು ನಲವತ್ತು ಮಂದಿಯ ಎದುರಿನಲ್ಲಿ ಅವಳ ಕಡೆ ತಿರುಗಿ, ಸ್ವಲ್ಪ ತಲೆ ಬಾಗಿಸಿದರು. ನನಗೆ ಅಳು ಬರುವಂತಾಯಿತು, ಹೆಮ್ಮೆಯಿಂದ.

ಹಾಗೆಂದು ಮೇಷ್ಟ್ರು ಮೆತ್ತಗಾದರು ಅಂದುಕೊಳ್ಳಬೇಡಿ. ಪ್ರಬಂಧ ಹಿಂದೆ ಕೊಡುತ್ತ, "ಇದರಲ್ಲಿ ಆರು ತಪ್ಪಿವೆ, ತಿದ್ದಿಕೊಂಡು ಬಾ" ಎಂದರು. ನನ್ನನ್ನೂ ಅವಳ ಕೈಗಿಟ್ಟು, ದನಿ ಇಳಿಸಿ ಹೇಳಿದರು: "ಪರೀಕ್ಷೇಲಿ ಯಾವುದನ್ನಾದರೂ ಹೊಡೆದು ಹಾಕಬೇಕು ಅನ್ನಿಸಿದರೆ ಕಾರಣ ಕೇಳಿಕೋ. ಕಾರಣ ಇದ್ದರೆ ಹೊಡಿ. ಬರೀ ಹೆದರಿಕೆ ಇದ್ದರೆ ಪೆನ್ನು ಕೆಳಗಿಡು."

ಮಾರ್ಚಿನಲ್ಲಿ ಪರೀಕ್ಷೆ. ಪುಸ್ತಕಗಳಿಗೆ ಒಳಗೆ ಪ್ರವೇಶವಿಲ್ಲ. ಹೊರಗಿನ ಗೋಡೆಗೆ ಒರಗಿಸಿದ್ದ ಚೀಲಗಳ ಸಾಲಿನಲ್ಲಿ, ಒಂದು ಬಿಸಿನೀರಿನ ಫ್ಲಾಸ್ಕಿನ ಪಕ್ಕ, ನಾನು ಕಾದೆ. ಬೇರೆ ಪುಸ್ತಕಗಳಿಗೆ ಇದೆಲ್ಲ ಮಾಮೂಲು. ನನಗೆ ಮಾತ್ರ ಅದು ಅವಳ ಕೊನೆಯ ಅವಕಾಶವೆಂದು ಗೊತ್ತಿತ್ತು. ಗಂಟೆ ಹೊಡೆಯಿತು. ಅವಳು ಬಂದು ನನ್ನನ್ನು ಎತ್ತಿಕೊಂಡು ನೇರ ಅಂಗಡಿಗೆ ನಡೆದಳು.

"ಹೇಗಾಯ್ತು?" ಎಂದರು ಗೊಂಗ್ ಚಿಕ್ಕಮ್ಮ.

"ಎರಡು ಕಡೆ ಹೊಡೆದು ಹಾಕೋಕೆ ಹೋದೆ. ಕಾರಣ ಸಿಗಲಿಲ್ಲ. ಹಾಗೇ ಬಿಟ್ಟು ಬಂದೆ."

"ಪ್ರಬಂಧ?"

"ಬಾಯಿಪಾಠದ್ದು ಒಂದು ಸಾಲೂ ಹಾಕಲಿಲ್ಲ."

ಚಿಕ್ಕಮ್ಮನಿಗೆ ಇಂಗ್ಲಿಷ್ ಬಾರದು. ಆದರೂ ಒಳ್ಳೆಯದಾಯಿತು ಎಂಬಂತೆ ತಲೆಯಾಡಿಸಿ, ಅವಳ ಮುಂದೆ ಸೂಪಿನ ಬಟ್ಟಲು ಇಟ್ಟರು.

ಫಲಿತಾಂಶ ಬಂದದ್ದು ಎರಡು ತಿಂಗಳ ಮೇಲೆ, ಅಂಗಡಿ ತುಂಬ ಗಿರಾಕಿಗಳಿದ್ದಾಗ. ಯಾನ್‌ಲಿ ಕಂಪ್ಯೂಟರಿನಲ್ಲಿ ತನ್ನ ಸಂಖ್ಯೆ ಹಾಕಿ, ನೋಡಿ, ಪರದೆಯನ್ನು ಚಿಕ್ಕಮ್ಮನ ಕಡೆ ತಿರುಗಿಸಿದಳು. ಎಪ್ಪತ್ತನಾಲ್ಕು. ಬರೀ ಪಾಸಲ್ಲ, 'ಉತ್ತಮ' ಎಂಬ ದರ್ಜೆ. ಚಿಕ್ಕಮ್ಮ ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು, ಯಂತ್ರಕ್ಕೆ ಅಂಗಡಿಯ ಅತಿ ದೊಡ್ಡ ಕಾಗದ ಹಾಕಿ, ಆ ಫಲಿತಾಂಶವನ್ನು ಬಣ್ಣದಲ್ಲಿ ತೆಗೆದು ಗೋಡೆಗೆ ಅಂಟಿಸಿದರು. ಸರದಿಯಲ್ಲಿ ನಿಂತಿದ್ದ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಯಾನ್‌ಲಿ ಅಪ್ಪನಿಗೆ ಫೋನ್ ಮಾಡಿ, ದೋಣಿಗಳ ಗದ್ದಲದಲ್ಲಿ ಅವನಿಗೆ ಕೇಳಿಸುವವರೆಗೂ ಎಪ್ಪತ್ತನಾಲ್ಕು, ಎಪ್ಪತ್ತನಾಲ್ಕು ಎಂದು ಕೂಗುತ್ತಲೇ ಇದ್ದಳು.

ಆ ಸಂಜೆ ಮೆಂಗ್ ಮೇಷ್ಟ್ರು ಅಂಗಡಿಗೇ ಬಂದರು. ಗೋಡೆಯ ಮೇಲಿನ ಕಾಗದವನ್ನು ಓದಿ ಮುಗಿಸಿ, ಕಂಕುಳಲ್ಲಿದ್ದ ಕಟ್ಟನ್ನು ಮೇಜಿನ ಮೇಲಿಟ್ಟರು. ಅದು ನನ್ನ ಹೊಸ ಆವೃತ್ತಿಯ ಕರಡು. "ಅಚ್ಚಿಗೆ ಹೋಗೋ ಮುಂಚೆ ನೀನು ಒಂದು ಸಲ ಓದು. ಕೀ ಉತ್ತರದಿಂದ ಶುರು ಮಾಡು" ಎಂದರು. ಅವಳು ಇಪ್ಪತ್ತು ದಿನ ಓದಿದಳು. ಇನ್ನೂ ಮೂರು ತಪ್ಪು ಸಿಕ್ಕವು. ಮೂರಕ್ಕೂ ಯಾರನ್ನೂ ಕೇಳದೆ ಗೆರೆ ಎಳೆದಳು.

ಈಗ ನಾನು ಬಾದೊಂಗಿನ ಶಾಲೆಯಲ್ಲಿ, ಶ್ಯಾಂಗ್ ಮೇಡಂ ಅವರ ಮೇಜಿನ ಮೇಲಿದ್ದೇನೆ. ಕಿಟಕಿಯಲ್ಲಿ ನದಿ ಕಾಣುತ್ತದೆ. ಹೊಲಿಗೆ ಬಿಟ್ಟಿದೆ, ಹೊದಿಕೆಯ ಹಳದಿ ಮಾಸಿದೆ. ಪಕ್ಕದಲ್ಲೇ ನನ್ನ ಹೊಸ ಆವೃತ್ತಿ ಠೀವಿಯಿಂದ ನಿಂತಿದೆ. ಅದರ ಮುನ್ನುಡಿಯಲ್ಲಿ ಅವಳ ಹೆಸರಿದೆ, ಅದರ ಕೀಯಲ್ಲಿ ಒಂದು ತಪ್ಪೂ ಇಲ್ಲ. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ತಪ್ಪಿಲ್ಲದ ಪುಸ್ತಕ ಓದಿ ಪಾಸಾದವರು ಬೇಕಾದಷ್ಟು ಜನ ಇರಬಹುದು. ತನ್ನ ಮಾತನ್ನು ತಾನು ನಂಬುವುದನ್ನು ಒಬ್ಬಳಿಗೆ ಕಲಿಸಿದವನು ನಾನು, ಅದೂ ತಪ್ಪಾಗಿದ್ದುಕೊಂಡೇ.

ಮೊನ್ನೆ ಹೊಸದಾಗಿ ಸೇರಿದ ಮೇಷ್ಟ್ರೊಬ್ಬರು ನನ್ನನ್ನು ಕೈಗೆತ್ತಿಕೊಂಡರು. "ಇದನ್ನ ಸ್ವಲ್ಪ ದಿನ ಒಯ್ಯಲಾ?" ಎಂದು ಕೇಳಿದರು.

"ಹೊಸದು ತಗೊಂಡು ಹೋಗಿ, ವಾಪಸ್ ಕೊಡದಿದ್ರೂ ಪರವಾಗಿಲ್ಲ" ಎಂದಳು ಯಾನ್‌ಲಿ, ನನ್ನನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಳ್ಳುತ್ತ. "ಇದನ್ನ ಮಾತ್ರ ಕೊಡಲ್ಲ."