ಜಪ್ತಿಯಾದ ಮಚ್ಚು

ನಮ್ಮ ಗಾರೋ ಬೆಟ್ಟಗಳಲ್ಲಿ ಹುಳ ತಿನ್ನುವ ಬಳ್ಳಿಗೆ ದೆವ್ವದ ಬುಟ್ಟಿ ಎನ್ನುತ್ತೇವೆ. ಎಲೆಯ ತುದಿಯಲ್ಲಿ ಮುಚ್ಚಳವಿರುವ ಹೂಜಿ ತೂಗುತ್ತದೆ. ಒಳಗಿನ ನೀರಿಗೆ ಬಿದ್ದ ಹುಳ ಮತ್ತೆ ಮೇಲೆ ಬರುವುದಿಲ್ಲ. ಅದನ್ನು ಉಳಿಸುತ್ತೇವೆಂದು ಊರಿನ ಓದಿದವರೆಲ್ಲ ಸೇರಿ ಸಂಘ ಕಟ್ಟಿದೆವು. ಗುತ್ತಿಗೆದಾರ ಬಲ್ಜಾನ್ ಮರಾಕ್ ಅಧ್ಯಕ್ಷ, ಶಾಲೆಯ ಟೀಚರಾದ ನಾನು ಕಾರ್ಯದರ್ಶಿ. ಸಂಘದ ಹಿತ್ತಲಲ್ಲಿ ಮೂವತ್ತು ಬಳ್ಳಿ ಬೆಳೆಸಿದೆವು. ಹೂ ಬಿಟ್ಟವು, ಬೀಜ ಕಟ್ಟಲಿಲ್ಲ. ಈ ಬಳ್ಳಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ, ನಮ್ಮವೆಲ್ಲವೂ ಹೆಣ್ಣು. ಸುತ್ತಲಿನ ಗುಡ್ಡಗಳಲ್ಲಿ ಉಳಿದಿದ್ದ ಗಂಡು ಬಳ್ಳಿ ಒಂದೇ ಒಂದು, ಕಾಡು ಸುಟ್ಟು ಬಿತ್ತುವ ರಿಕ್ಮೆಯ ಕುಮರಿ ಹೊಲದ ಮೇಲುಗಡೆ.

ರಿಕ್ಮೆ ನನ್ನ ಅಜ್ಜಿಯ ತಂಗಿ. ಊರಿಗೆಲ್ಲ ಅಂಬಿ, ಅಂದರೆ ಅಜ್ಜಿ. ಅವಳ ಕಣ್ಣಿಗೆ ಪೊರೆ ಬಂದಿತ್ತು. ಬಾಯಿ ಬಿಡದ ಹೂಜಿಯ ನೀರನ್ನು ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದಳು, ವರ್ಷಕ್ಕೆ ನಾಲ್ಕೋ ಐದೋ. ಕಳೆದ ಚಳಿಗಾಲ ಬಲ್ಜಾನ್ ಅವಳನ್ನು ಬಳ್ಳಿಯ ಬುಡದಲ್ಲೇ ಹಿಡಿದ. ಕೈಯಲ್ಲಿ ಮಚ್ಚು, ಮಡಿಲಲ್ಲಿ ಎರಡು ಹೂಜಿ. ಸಭೆ ಕರೆದೆವು.

"ಮಚ್ಚು ಯಾಕೆ ತಂದಿದ್ದೆ ಅಂಬಿ?" ಬಲ್ಜಾನ್ ಕೇಳಿದ.

"ಮೂಗು ಕೆರ್ಕೊಳ್ಳೋಕೆ." ಜನ ನಕ್ಕರು. "ಸುತ್ತ ಪೊದೆ ಸವರೋಕೆ ಕಣಪ್ಪ. ಗುಡ್ಡಕ್ಕೆ ಬೆಂಕಿ ಇಡೋ ದಿನ ಬಂತಲ್ಲ. ದೆವ್ವದ ಬುಟ್ಟಿ ಸುಡಬಾರದು ಅಂತ ನಮ್ಮವ್ವನೂ ಸವರ್ತಿದ್ಲು."

"ಸವರೋಕೆ ಬಂದೋಳ ಮಡಿಲಲ್ಲಿ ಹೂಜಿ ಯಾಕೆ?"

"ಕೂಲಿ."

ಮತ್ತೆ ನಕ್ಕರು. ನಾನು ನಗಲಿಲ್ಲ. ಎದ್ದು ನಿಂತು ನಿಯಮ ಓದಿದೆ. ಬಳ್ಳಿಯ ಸುತ್ತ ಬೇಲಿ ಬಿತ್ತು. ಮಚ್ಚನ್ನು ಜಪ್ತಿ ಮಾಡಿ ಆಫೀಸಿನ ಗೋಡೆಗೆ ತೂಗುಹಾಕಿದೆವು. ಅದಕ್ಕೆ ಇಂಗ್ಲಿಷಿನಲ್ಲಿ ಚೀಟಿ ಬರೆದು ಕಟ್ಟಿದವಳು ನಾನೇ. ಅದೇ ತಿಂಗಳು ಹೊರಗಿನಿಂದ ಬಂದ ಅತಿಥಿಗಳು ಅದೇ ಬಳ್ಳಿಯಿಂದ ಇಪ್ಪತ್ತು ಹೂಜಿ ಕಿತ್ತು ಮಂಜುಗಡ್ಡೆಯ ಪೆಟ್ಟಿಗೆಗೆ ತುಂಬಿಕೊಂಡರು. ಅದು ಅಧ್ಯಯನ. ಅನುಮತಿಗೆ ಸಹಿ ಹಾಕಿದವಳೂ ನಾನೇ.

ಮಾರ್ಚಿನಲ್ಲಿ ಎಂದಿನಂತೆ ಊರವರು ಕುಮರಿಗೆ ಬೆಂಕಿ ಇಟ್ಟರು. ಬೇಲಿಯೊಳಗೆ ಮೊಣಕಾಲುದ್ದ ಒಣಗಿದ ಬಿದಿರೆಲೆ. ಸವರುವವರು ಯಾರಿದ್ದರು? ಬೆಂಕಿ ಒಳಗೆ ನುಗ್ಗಿತು. ಬಳ್ಳಿ ಬೂದಿಯಾಯಿತು. ತಂತಿ ಮಾತ್ರ ನೆಟ್ಟಗೆ ನಿಂತಿತ್ತು.

ವಾರ್ಷಿಕ ಸಭೆಗೆ ಅದೇ ಅತಿಥಿಗಳು ಮತ್ತೆ ಬರುವವರಿದ್ದರು. ಇಂಗ್ಲಿಷಿನಲ್ಲಿ ವರದಿ ಬರೆಯುವ ಕೆಲಸ ನನ್ನದು.

"ಬೇಲಿ ಹಾಕಿದ್ದು ನಾವು ಅಂತ ಬರೀಲಾ?" ಎಂದೆ.

"ತಲೆ ಕೆಟ್ಟಿದ್ಯಾ ಟೀಚರ್? ನಾಳೆಯಿಂದ ಯಾರು ಬರ್ತಾರೆ ಇಲ್ಲಿಗೆ?" ಬಲ್ಜಾನ್ ದನಿ ತಗ್ಗಿಸಿದ. "ಅಂಬಿಗೆ ಇಂಗ್ಲಿಷ್ ಬರಲ್ಲ ಬಿಡು."

ಬರೆದೆ: ಹೊಲದೊಡತಿ ರಿಕ್ಮೆಯ ಅಜ್ಞಾನದಿಂದ ಬಳ್ಳಿ ಸುಟ್ಟುಹೋಯಿತು. ಸಭೆಯಲ್ಲಿ ಮೈಕಿನ ಮುಂದೆ ಸ್ಪಷ್ಟ ಉಚ್ಚಾರಣೆಯಲ್ಲಿ ಓದಿದೆ. ಅತಿಥಿಗಳು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಊರವರೂ ತಟ್ಟಿದರು.

ಸಭೆ ಮುಗಿದು ಎಲ್ಲರೂ ಚಹಾಕ್ಕೆ ಹೋದಾಗ ಅಂಬಿ ಗೋಡೆ ಸವರುತ್ತ ಆಫೀಸಿಗೆ ಬಂದಳು.

"ಬುಡ ಸತ್ತಿಲ್ಲ ಕಣೆ. ಬೇಲಿ ಸಂದೀಲಿ ಕೈ ಹಾಕಿ ಮುಟ್ಟಿ ನೋಡ್ದೆ. ಚಿಗುರು ಬಂದಿದೆ, ಕಳೆ ಮುಚ್ಕೊಂಡಿದೆ. ನನ್ನ ಮಚ್ಚು ಕೊಡು."

ಇಳಿಸಿ ಕೊಟ್ಟೆ. ಹಿಡಿಯ ಮೇಲೆ ಅವಳ ಬೆರಳಿಗೆ ಚೀಟಿ ಸಿಕ್ಕಿತು.

"ಇದೇನು?"

"ಏನಿಲ್ಲ ಅಂಬಿ."

"ಓದು. ಟೀಚರಲ್ವಾ ನೀನು?"

ಓದಿದೆ, ನಮ್ಮ ಮಾತಿನಲ್ಲಿ: "ಕಳ್ಳರ ಆಯುಧ."

ಅವಳು ಮಚ್ಚಿನ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ನೋಡಿಕೊಂಡಳು. ತುಕ್ಕು ಹಿಡಿದಿತ್ತು.

"ಆಗಲೇ ಮೈಕಲ್ಲಿ ನನ್ನ ಹೆಸರು ಬಂತಲ್ಲ. ಅದೇನು?"

ಸುಳ್ಳೊಂದು ನಾಲಿಗೆಯ ತುದಿಗೇ ಬಂದಿತ್ತು. ಬಳ್ಳಿ ಕಾದವಳು ನೀನು ಅಂತ ಹೇಳಿದೆ ಎಂದಿದ್ದರೆ ನಂಬುತ್ತಿದ್ದಳು. ಆದರೆ ಚೀಟಿ ಇನ್ನೂ ಅವಳ ಬೆರಳಿನಲ್ಲೇ ಇತ್ತು. ಮೈಕಲ್ಲಿ ಓದಿದ್ದನ್ನೂ ಹೇಳಿದೆ, ಒಂದು ಪದ ಬಿಡದೆ.



"ನಮ್ಮ ಹುಡುಗಿ ಓದ್ತಿದ್ದಾಳೆ ಅಂತ," ಎಂದಳು ಅಂಬಿ, "ನಾನೂ ಚಪ್ಪಾಳೆ ತಟ್ಟಿದ್ದೆ ಕಣೆ."

ಚೀಟಿ ಕಿತ್ತು ನನ್ನ ಮೇಜಿನ ಮೇಲಿಟ್ಟಳು. ಬಾಗಿಲಿಗೆ ಹೋಗಿ ಹೊಸ್ತಿಲನ್ನು ಕಾಲಿನಿಂದ ತಡಕಾಡಿದಳು. ನಾನು ಕೈ ಚಾಚಿದೆ. ಹಿಡಿಯಲಿಲ್ಲ.