ಅರ್ಧ ಗಡ್ಡ

ಕ್ಷೌರದಂಗಡಿಯ ಯಜಮಾನನ ದೇಹವನ್ನು ನಾಲ್ವರು ವ್ಯಾನಿಗೆ ಏರಿಸುತ್ತಿದ್ದರು. ತಲೆಯ ಕಡೆ ಹಿಡಿದಿದ್ದ ವ್ಯಾನಿನ ಡ್ರೈವರ್ "ನಿಧಾನ, ನಿಧಾನ" ಅನ್ನುತ್ತಿದ್ದ. ಬಾಗಿಲು ಹಾಕಿದ ಮೇಲೂ ಹೊರಡುವಂತಿರಲಿಲ್ಲ. ಮಗಳು ಬರುವುದು ಬಾಕಿ ಇತ್ತು.

ಕಾಯುವಾಗ ಮಾತು ಸತ್ತವನ ಕಿವಿಯ ಕಡೆಗೆ ತಿರುಗಿತು.

"ಎಲ್ಲ ಕೇಳಿಸ್ತಿತ್ತು ಅವನಿಗೆ," ಎಂದ ಅವನ ಅಣ್ಣ. "ತಟ್ಟೆ ಬಿದ್ದರೆ ಬೆಚ್ಚಿಬೀಳ್ತಿದ್ದ. ಕಿವುಡ ಬೆಚ್ತಾನಾ?"

"ಡಾಕ್ಟರೇ ಹೇಳಿದ್ರಲ್ಲ ಭಾವ," ಎಂದಳು ಸತ್ತವನ ಹೆಂಡತಿ. "ಕಿವಿ ಚೆನ್ನಾಗೇ ಇದೆ, ಮೆದುಳಲ್ಲಿ ಕೇಳೋ ಜಾಗ ಸತ್ತಿದೆ ಅಂತ. ಮೈ ಬೆಚ್ಚುತ್ತೆ, ಅವರಿಗೆ ಗೊತ್ತಾಗಲ್ಲ."

"ನಂಗಂತೂ ಅದೇ ಅನುಕೂಲ ಆಗಿತ್ತು," ಎಂದ ಡ್ರೈವರ್. "ಮನೇಲಿ ಹೇಳಕ್ಕಾಗದ್ದನ್ನೆಲ್ಲ ಆ ಕುರ್ಚೀಲಿ ಕೂತು ಹೇಳ್ಕೋತಿದ್ದೆ. ನನ್ನ ಹೆಂಡತಿ ಬಿಟ್ಟುಹೋದ ವರ್ಷ ಒಂದಿನ ಅರ್ಧ ಗಡ್ಡ ಹೆರೆದು ಕತ್ತಿ ಇಟ್ಟುಬಿಟ್ಟರು. ಗೂಟದಲ್ಲಿದ್ದ ನನ್ನ ಅಂಗಿಯಿಂದ ವ್ಯಾನಿನ ಕೀ ತಗೊಂಡು, ರಟ್ಟೆ ಹಿಡಿದು ಇಲ್ಲಿಗೆ, ಈ ಮನೆಗೆ ಎಳ್ಕೊಂಡು ಬಂದರು. ಬೆಳಗಾಗೋವರೆಗೂ ಬಿಡಲಿಲ್ಲ. ಅವರಿಗೆ ಮತ್ತೆ ಸ್ಟ್ರೋಕ್ ಹೊಡೀತೇನೋ ಅಂದ್ಕೊಂಡೆ."

ಎಲ್ಲರೂ ನಕ್ಕರು. ಸತ್ತವನ ಹೆಂಡತಿ ನಗಲಿಲ್ಲ.

*

ಅದಕ್ಕೂ ಕೆಲವು ವರ್ಷ ಮೊದಲು, ಎರಡನೆಯ ಸ್ಟ್ರೋಕ್ ಆದ ಬೆಳಿಗ್ಗೆ, ಅಂಗಡಿಯ ಯಜಮಾನ ರೇಡಿಯೋ ಕೆಟ್ಟಿದೆಯೆಂದು ಬಿಚ್ಚಿಕೊಂಡು ಕೂತಿದ್ದ. ಹೆಂಡತಿ ಎದುರು ನಿಂತು ಕೂಗಿದಾಗಲೇ ಕೆಟ್ಟಿದ್ದು ರೇಡಿಯೋ ಅಲ್ಲವೆಂದು ತಿಳಿದದ್ದು.

ಅಂಗಡಿ ಮುಚ್ಚಲಿಲ್ಲ. ಗಿರಾಕಿಗಳ ಬೆನ್ನ ಹಿಂದೆ ನಿಂತು ಕನ್ನಡಿಯಲ್ಲಿ ಅವರ ತುಟಿ ನೋಡುತ್ತ ನೋಡುತ್ತ, ಒಂದೆರಡು ವರ್ಷದಲ್ಲಿ ಮುಕ್ಕಾಲು ಮಾತು ಹಿಡಿಯುವಷ್ಟಾದ. ಅದನ್ನು ಹೇಳಿದ್ದು ಹೆಂಡತಿಗೆ ಮಾತ್ರ.

"ಯಾರಿಗೂ ಹೇಳಬೇಡ ಕಣೇ. ಗೊತ್ತಾದ್ರೆ ಬಾಯಿ ಮುಚ್ಕೋತಾರೆ, ಪಾಪ."

ಡ್ರೈವರನ್ನು ಎಳೆದು ತಂದ ಸಂಜೆ ಅವನನ್ನು ಊಟಕ್ಕೆ ಕೂರಿಸಿ ಅಡುಗೆಮನೆಗೆ ಬಂದ. ತನ್ನ ದನಿ ಎಷ್ಟು ಜೋರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಅವಳ ಅಂಗೈಯಲ್ಲಿ ಬೆರಳಿನಿಂದ ಬರೆದ: ಸೇತುವೆಯಿಂದ ಗಾಡಿ ಸಮೇತ ಬೀಳ್ತಾನಂತೆ.

*

ಮಗಳು ಬಂದಳು. ತಾಯಿ ಡ್ರೈವರ್ ಪಕ್ಕದ ಸೀಟಿಗೆ ಹತ್ತಿದಳು.

ಅವನು ಕೀ ತಿರುಗಿಸಿ ತಗ್ಗಿದ ದನಿಯಲ್ಲಿ ಕೇಳಿದ. "ಅಕ್ಕಾ, ಅವರಿಗೆ ನಿಜವಾಗ್ಲೂ ಕೇಳಿಸ್ತಿರಲಿಲ್ಲ ಅಲ್ವಾ?"

"ಇಲ್ಲಪ್ಪ. ಒಂದಕ್ಷರ ಕೇಳಿಸ್ತಿರಲಿಲ್ಲ." ಸೆರಗು ಸರಿಮಾಡಿಕೊಂಡು ಅಂದಳು, "ಕನ್ನಡೀಲಿ ನಿನ್ನ ತುಟಿ ನೋಡ್ತಿದ್ದರು."

ಎಂಜಿನ್ ಓಡುತ್ತಿತ್ತು. ಹಿಂದಿನ ಕಾರಿನವರು ಹಾರ್ನ್ ಹೊಡೆದರು. ಅಣ್ಣ ಕಿಟಕಿಯ ಹತ್ತಿರ ಬಂದು, "ಯಾಕಯ್ಯಾ, ಹೊರಡೋದಲ್ವಾ?" ಎಂದ. ಡ್ರೈವರ್ ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು, ಎದುರಿನ ಖಾಲಿ ರಸ್ತೆಯನ್ನೇ ನೋಡುತ್ತ ಕೂತಿದ್ದ.