ಇದ್ದ ಹಾಗೆ ನಡೆಯುವುದು

ಇಸೊಗಾಯ್ ತೊಕುಜಿ ಬಾಗಿಲಲ್ಲಿ ನಿಂತು ಸೊಂಟ ಬಾಗಿಸಿ ವಂದಿಸಿದರು, ಸಲೀಸಾಗಿ ನಡೆದುಬಂದು ಕುರ್ಚಿಯಲ್ಲಿ ಕೂತರು. ನರರೋಗ ವೈದ್ಯೆ ಹೊರಿಗುಚಿಗೆ ಅಷ್ಟರಲ್ಲೇ ಅನುಮಾನ ಬಂದಿತ್ತು.

ಒಕಯಾಮಾದ ಆ ಆಸ್ಪತ್ರೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ಹೊಸ ಔಷಧವೊಂದನ್ನು ಪರೀಕ್ಷಿಸುತ್ತಿದ್ದರು. ಔಷಧ ಕೊಡುವ ಮೊದಲು ಕಾಯಿಲೆ ಎಷ್ಟಿದೆಯೆಂದು ಅಳೆಯಬೇಕು. ಅದಕ್ಕಾಗಿ ರೋಗಿಗಳು ಹಿಂದಿನ ಸಂಜೆಯಿಂದಲೇ ಎಂದಿನ ಮಾತ್ರೆ ಬಿಟ್ಟು ಬರಬೇಕು. ಕಾಯಿಲೆ ಇಷ್ಟು ಕಡಿಮೆ ಕಂಡರೆ ಇಸೊಗಾಯ್ ಅವರಿಗೆ ಪರೀಕ್ಷೆಯಲ್ಲಿ ಜಾಗವೇ ಇಲ್ಲ. ಹಳೆಯ ಮಾತ್ರೆ ಈಚೆಗೆ ಕೈಕೊಡುತ್ತಿದ್ದುದರಿಂದ ಅವರು ಆಸೆಪಟ್ಟು ಕಾದಿದ್ದು ಆ ಜಾಗಕ್ಕೇ.

“ಬೆಳಿಗ್ಗೆ ಮಾತ್ರೆ ತಗೊಂಡ್ರಾ, ಇಸೊಗಾಯ್-ಸಾನ್?”

“ಇಲ್ವಲ್ಲ, ಸೆನ್ಸೆಯ್,” ಎಂದರು ಇಸೊಗಾಯ್, ವೈದ್ಯರನ್ನು ಗೌರವದಿಂದ ಕರೆಯುವ ಮಾತಿನಲ್ಲಿ.

“ತಗೊಂಡ್ರು ಸೆನ್ಸೆಯ್,” ಎಂದರು ಜೊತೆಗೆ ಬಂದಿದ್ದ ಹೆಂಡತಿ ಫುಮಿಎ. “ಬೇಡ ಅಂದ್ರೂ ಕೇಳ್ಲಿಲ್ಲ.”

“ಮತ್ತಿನ್ನೇನೇ! ಸ್ಟೇಷನ್ ಮಾಸ್ಟರ್ ಆಗಿದ್ದೋನು ನಾನು. ಸೆನ್ಸೆಯ್ ಎದುರಿಗೆ ಮರದ ಬೊಂಬೆ ಹಂಗೆ ನಿಂತ್ಕೊಂಡ್ರೆ ಮರ್ಯಾದೆನಾ?”

“ಓಹೋ, ನನ್ನೆದುರಿಗೆ ಮಾತ್ರ ನಿಂತ್ಕೋಬಹುದು!”

ಹೊರಿಗುಚಿಗೆ ಇದು ಹೊಸದಲ್ಲ. ನೋವಿದ್ದರೂ “ನಿಮ್ಮ ದಯೆಯಿಂದ ಚೆನ್ನಾಗಿದೀನಿ” ಎನ್ನುವ ಜನ. ಮೋಸವಲ್ಲ, ಸೌಜನ್ಯ. ಹಾಗಾಗಿ ನಿಯಮವನ್ನು ಮತ್ತೊಮ್ಮೆ ಓದಿಹೇಳಿ ಉಪಯೋಗವಿರಲಿಲ್ಲ.

“ಸಿಗ್ನಲ್ ಕೆಟ್ಟಿದ್ರೂ ಸರಿಯಾಗಿದೆ ಅಂತ ನಿಮ್ಮ ಕೈಕೆಳಗಿನವರು ಹೇಳಿದ್ರೆ ಏನ್ ಮಾಡ್ತಿದ್ರಿ?”

ಇಸೊಗಾಯ್ ಕೆಂಪಾದರು. “ಅವತ್ತೇ ಮನೆಗೆ ಕಳಿಸ್ತಿದ್ದೆ.”

“ನಾನು ಕಳಿಸಲ್ಲ. ಇವತ್ತಿನ ಅಳತೆ ಬೇಡ, ಯಾಕೆ ಬೇಡ ಅಂತಾನೂ ಬರೆದಿಡ್ತೀನಿ. ಇನ್ನೊಂದು ಸಲ ಅಳೆಯೋಕೆ ಅವಕಾಶ ಇದೆ, ಒಂದೇ ಸಲ. ಗುರುವಾರ ಮಾತ್ರೆ ಬಿಟ್ಟು ಬನ್ನಿ. ಕಾಲು ಎಷ್ಟು ಎಳೆಯುತ್ತೋ ಅಷ್ಟೇ ಎಳೀಲಿ. ಮುಚ್ಚಬೇಡಿ, ಸೇರಿಸ್ಲೂಬೇಡಿ.”

ಗುರುವಾರ ಅವರ ಪಾದಗಳು ಹೊಸ್ತಿಲಲ್ಲೇ ನೆಲಕ್ಕಂಟಿದವು. ಹೆಗಲು ಮುಂದಕ್ಕೆ ವಾಲಿತು, ಕಾಲು ಏಳಲಿಲ್ಲ. ಫುಮಿಎ ತೋಳು ಹಿಡಿಯಲು ಹೋದರು.

“ಮುಟ್ಬೇಡ ಕಣೇ! ಅಳೀತಿದಾರೆ.”

ಅವರು ಬಿದ್ದರೆ ಹಿಡಿಯುವಷ್ಟು ಹತ್ತಿರ ಹೊರಿಗುಚಿ ನಿಂತರು, ಆದರೆ ಕೈ ಚಾಚಲಿಲ್ಲ. ಇಸೊಗಾಯ್ ಕುರ್ಚಿ ತಲುಪುವ ಹೊತ್ತಿಗೆ ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಬೆರಳು ಬಡಿಯುವುದು, ಮಣಿಕಟ್ಟು ತಿರುಗಿಸುವುದು, ಎಲ್ಲವನ್ನೂ ಹೊರಿಗುಚಿ ಅಳೆದು ಮುಗಿಸಿದರು.

“ಜಾಗ ಸಿಕ್ತು, ಇಸೊಗಾಯ್-ಸಾನ್.”

ಕೊಟ್ಟ ಪೊಟ್ಟಣದಲ್ಲಿ ಹೊಸ ಔಷಧವಿದೆಯೋ, ಹೋಲಿಸಿ ನೋಡಲು ಕೆಲವರಿಗೆ ಕೊಡುವ ಬರೀ ಹಿಟ್ಟಿನ ಗುಳಿಗೆಯೋ, ಹೊರಿಗುಚಿಗೂ ಗೊತ್ತಿರಲಿಲ್ಲ. ಗೊತ್ತಿರಕೂಡದೆಂಬುದೇ ಏರ್ಪಾಡು.

“ಬರೀ ಹಿಟ್ಟಾದ್ರೆ?” ಫುಮಿಎ ಕೇಳಿದರು.

“ಆದ್ರೆ ಆಗ್ಲಿ,” ಇಸೊಗಾಯ್ ನಿಧಾನವಾಗಿ ಪೊಟ್ಟಣವನ್ನು ಜೇಬಿಗಿಳಿಸಿದರು. “ಗುಣ ಆಗ್ಲಿಲ್ಲ ಅಂತ ಸೆನ್ಸೆಯ್ ಮುಖಕ್ಕೇ ಹೇಳ್ತೀನಿ.”